ಕುಡಿಯದವರಿಗೂ ಫ್ಯಾಟಿ ಲಿವರ್, ಗ್ರೇಡ್ 2 ಅಂದರೆ ಗಾಬರಿಯೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನಗೆ 46 ವರ್ಷ, ತೂಕ 82 ಕೆಜಿ, ಶುಗರ್ ಬಾರ್ಡರ್‌ನಲ್ಲಿದೆ. ಆಫೀಸಿನ ಹೆಲ್ತ್ ಚೆಕಪ್‌ನ ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಅಂತ ಬಂದಿದೆ. ರಕ್ತ ಪರೀಕ್ಷೆಯಲ್ಲಿ ಲಿವರ್ ಕಿಣ್ವಗಳಾದ ಎಎಸ್‌ಟಿ 48, ಎಎಲ್‌ಟಿ 64, ಪ್ಲೇಟ್‌ಲೆಟ್ 2.4 ಲಕ್ಷ. ನಾನು ಒಂದು ಹನಿಯೂ ಕುಡಿದವನಲ್ಲ. ಆದರೂ ಮನೆಯಲ್ಲಿ ಎಲ್ಲರೂ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದಾರೆ! ಲಿವರ್ ಅರ್ಧ ಹಾಳಾಗಿದೆಯಾ?

ಡಾಕ್ಟರ್: ಇಲ್ಲ. ಮನೆಯವರಿಗೂ ಇದನ್ನು ಓದಿಸಿ. ಹೊಟ್ಟೆಯ ಬೊಜ್ಜು, ಶುಗರ್, ಬಿಪಿ ಇದ್ದರೆ ಕುಡಿಯದೆಯೂ ಲಿವರ್‌ಗೆ ಕೊಬ್ಬು ಹತ್ತುತ್ತದೆ. 2023ರಲ್ಲಿ ಈ ಕಾಯಿಲೆಯ ಹೆಸರನ್ನೇ ಎಂಎಎಸ್‌ಎಲ್‌ಡಿ (ಮೆಟಬಾಲಿಕ್ ಏರುಪೇರಿಗೆ ಸಂಬಂಧಿಸಿದ ಫ್ಯಾಟಿ ಲಿವರ್) ಅಂತ ಬದಲಾಯಿಸಿದರು. ಹಳೇ ಹೆಸರಲ್ಲಿ ಸುಮ್ನೆ ‘ಆಲ್ಕೋಹಾಲ್’ ಪದ ಅಂಟಿಕೊಂಡಿತ್ತು.

ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಅಂತ ಮಾತ್ರ. ಕೊಬ್ಬು ಕರಗುತ್ತದೆ. ನನಗೆ ಭಯ ಇರುವುದು ಗಾಯ ಮಾಗಿದ ಕಲೆಯದ್ದು, ಅಂದರೆ ಫೈಬ್ರೋಸಿಸ್. ಅದರ ಅಂದಾಜಿಗೆ ಫಿಬ್-4 ಅನ್ನುವ ಲೆಕ್ಕ ಇದೆ. ಬೇಕಾದ ಅಂಕಿಗಳನ್ನು ನೀವೇ ಕೊಟ್ಟಿದ್ದೀರಿ. ವಯಸ್ಸು 46ನ್ನು ಎಎಸ್‌ಟಿ 48ರಿಂದ ಗುಣಿಸಿ: 2208. ಎಎಲ್‌ಟಿ 64ರ ವರ್ಗಮೂಲ 8, ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿ 240. ಎರಡನ್ನೂ ಗುಣಿಸಿದರೆ 1920. ಮೊದಲಿನದನ್ನು ಇದರಿಂದ ಭಾಗಿಸಿದರೆ 1.15.

1.3ಕ್ಕಿಂತ ಕಡಿಮೆ ಬಂದರೆ ದೊಡ್ಡ ಕಲೆ ಇರುವ ಸಾಧ್ಯತೆ ಕಡಿಮೆ. 2.67 ದಾಟಿದ್ದರೆ ಲಿವರ್ ತಜ್ಞರ ಹತ್ತಿರ ಕಳಿಸುತ್ತಿದ್ದೆ. ನಡುವೆ ಬಂದರೆ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್. (65 ದಾಟಿದವರಿಗೆ 1.3ರ ಬದಲು 2 ಅಂತ ಹಿಡಿಯುತ್ತೇವೆ.) ನೀವು ಒಂದು ಸಲ ಹೆಪಟೈಟಿಸ್ ಬಿ, ಸಿ ಟೆಸ್ಟ್ ಮಾಡಿಸಿ. ವರ್ಷ ಬಿಟ್ಟು ಈ ಲೆಕ್ಕ ಮತ್ತೆ ಹಾಕೋಣ.

ಪ್ರಶ್ನೆ: ಉಸಿರು ಬಂತು ಮೇಡಂ. ಮಾತ್ರೆ ಬೇಡವಾ?

ಡಾಕ್ಟರ್: ನಿಮಗೆ ಮದ್ದು ತೂಕ ಇಳಿಸುವುದೇ. 2015ರಲ್ಲಿ ಕ್ಯೂಬಾದ ವೈದ್ಯರು ಲಿವರ್‌ನಲ್ಲಿ ಕೊಬ್ಬಿನ ಜೊತೆ ಉರಿಯೂತವೂ ಇದ್ದ 293 ಜನರನ್ನು ಒಂದು ವರ್ಷ ನೋಡಿ ವರದಿ ಬರೆದರು. ತೂಕದಲ್ಲಿ ಶೇ. 10ರಷ್ಟು ಇಳಿಸಿದವರಲ್ಲಿ ಶೇ. 90 ಮಂದಿಗೆ ಲಿವರ್‌ನ ಉರಿಯೂತ ವಾಸಿಯಾಗಿತ್ತು. ಆದರೆ ಅಷ್ಟು ಇಳಿಸಿದ್ದು ಹತ್ತರಲ್ಲಿ ಒಬ್ಬರು! ನಿಮ್ಮ ಲೆಕ್ಕಕ್ಕೆ ಅದು 8 ಕೆಜಿ. ಮೊದಲು 4 ಕೆಜಿ ಇಳಿಸಿ. ರಾತ್ರಿಯ ಅನ್ನ ಅರ್ಧ ಮಾಡಿ. ಜ್ಯೂಸ್, ಬೇಕರಿ ತಿಂಡಿ ಬಿಡಿ. ಕಾಫಿ ಬಿಡಬೇಡಿ, ಸಕ್ಕರೆ ಬಿಡಿ.

ಗುಂಪಿನ ಇನ್ನೊಬ್ಬ ಸದಸ್ಯೆ: ನಮ್ಮಮ್ಮನಿಗೂ ಫ್ಯಾಟಿ ಲಿವರ್. ಕೊರೋನಾದಿಂದ ದಿನಾ ಅಮೃತಬಳ್ಳಿ ಕಷಾಯ ಕುಡಿಯುತ್ತಾರೆ. ಲಿವರ್‌ಗೆ ಒಳ್ಳೇದು ಅಲ್ವಾ?

ಡಾಕ್ಟರ್: ನಾನಾದರೆ ನಿಲ್ಲಿಸಲು ಹೇಳುತ್ತೇನೆ. 2020ರಲ್ಲಿ ಮುಂಬೈನಲ್ಲಿ ಅಮೃತಬಳ್ಳಿ ಕುಡಿದ ಆರು ಜನರಿಗೆ ಲಿವರ್ ಕೆಟ್ಟಿದ್ದನ್ನು ವೈದ್ಯರು ಮರುವರ್ಷ ಪ್ರಕಟಿಸಿದರು. ಬೇರೆ ಜಾತಿಯ ಬಳ್ಳಿ ಇರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಅದೇ ನನ್ನ ಚಿಂತೆ: ಬೇಲಿಯಿಂದ ಕಿತ್ತು ತಂದಿದ್ದು ಯಾವ ಬಳ್ಳಿ ಅಂತ ಯಾರು ನೋಡುತ್ತಾರೆ? ಅಮ್ಮನಿಗೆ ಥೈರಾಯ್ಡ್ ಇದೆಯಾ? ಇದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಎಲ್‌ಎಫ್‌ಟಿ (ಲಿವರ್‌ನ ರಕ್ತ ಪರೀಕ್ಷೆ) ಮಾಡಿಸಿ, ರಿಪೋರ್ಟ್ ಇಲ್ಲೇ ಹಾಕಿ. ಹೆಸರು ಮುಚ್ಚಿ ಹಾಕಿ.