22 ಎಂಎಂ ಹೋಲಿಗೆ ಕರೆಂಟಿನ ಮ್ಯಾಗ್ನೆಟಿಕ್ ಡ್ರಿಲ್ ಯಾವುದು ತಗೋಳೋದು?

ಹೆಬ್ಬಾಳ್ ಶೆಡ್

ಎಲ್ರಿಗೂ ನಮಸ್ಕಾರ. ನಮ್ದು ಮೈಸೂರು ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಚಿಕ್ಕ ಫ್ಯಾಬ್ರಿಕೇಶನ್ ಶೆಡ್ಡು, ನಾನು ಮತ್ತೆ ಐದು ಜನ ಹುಡುಗ್ರು. ಇಷ್ಟು ದಿನ ಗೇಟು, ಗ್ರಿಲ್ಲು, ಸಣ್ಣ ಪುಟ್ಟ ಟ್ರಸ್ಸು ಅಂತ ನಡೀತಿತ್ತು, ಈಗ ತೂಬಿನಕೆರೆ ಕಡೆ ಒಂದು ಗೋಡೌನ್ ಕೆಲಸ ಸಿಕ್ಕಿದೆ. ಎಲ್ಲಾ ಎಂ20 ಬೋಲ್ಟು, ಅಂದ್ರೆ 22 ಎಂಎಂ ಹೋಲು, ಎಣಿಸಿದ್ರೆ ಆರ್ನೂರು ದಾಟುತ್ತೆ, ಅದ್ರ ಮೇಲೆ 20 ಎಂಎಂ ದಪ್ಪದ ಬೇಸ್ ಪ್ಲೇಟಲ್ಲಿ 26ರ ಹೋಲು ಬೇರೆ. ಗ್ಯಾಸ್ ಕಟಿಂಗಲ್ಲಿ ತೂತು ಹೊಡೆದ್ರೆ ಪೀಸೇ ವಾಪಸ್ ಅಂತ ಕನ್ಸಲ್ಟೆಂಟು ಮೊದಲ್ನೇ ದಿನಾನೇ ಹೇಳಿಬಿಟ್ರು.

ಈಗ ಹ್ಯಾಂಡ್ ಡ್ರಿಲ್ಲಲ್ಲಿ ಮೊದ್ಲು 6, ಆಮೇಲೆ 12, ಆಮೇಲೆ 22 ಅಂತ ಒಂದೊಂದು ಹೋಲಿಗೆ ಮೂರು ಸಲ ಹೊಡೀತಾ ಇದೀವಿ, ನಿನ್ನೆ ಬಿಟ್ಟು ಕಚ್ಕೊಂಡು ಒಬ್ಬ ಹುಡುಗನ ಮಣಿಕಟ್ಟು ತಿರುಚಿಹೋಯ್ತು. ಅದಕ್ಕೆ ಮ್ಯಾಗ್ನೆಟಿಕ್ ಡ್ರಿಲ್ಲು, ಅಂದ್ರೆ ಕಬ್ಬಿಣಕ್ಕೆ ಮ್ಯಾಗ್ನೆಟಲ್ಲಿ ಕಚ್ಕೊಂಡು ನಿಂತು ತೂತು ಕೊರೆಯೋ ಮಿಷನ್ನು, ಕೇಳೋಕೆ ಹೋದೆ, ಅಂಗಡೀಲಿ ಎರಡು ತೋರ್ಸಿದ್ರು. ಒಂದು ಸಿಂಗಲ್ ಸ್ಪೀಡು, 1100 ವ್ಯಾಟು, 35 ಎಂಎಂ ವರೆಗೆ ಹೊಡಿಯುತ್ತೆ, ಹನ್ನೆರಡು ಕೆಜಿ. ಇನ್ನೊಂದು ಎರಡು ಗೇರು, 1800 ವ್ಯಾಟು, 50 ಎಂಎಂ, ಎಂಟಿ3 (ಮೋರ್ಸ್ ಟೇಪರ್) ಸ್ಪಿಂಡಲ್ಲು, ಇಪ್ಪತ್ತೆರಡು ಕೆಜಿ, ರೇಟು ಹತ್ತಿರ ಹತ್ತಿರ ಡಬಲ್. ದೊಡ್ಡದೇ ತಗೊಂಡ್ರೆ ಮುಂದಕ್ಕೂ ಆಗುತ್ತೆ ಅಂತ ಒಂದು ಮನಸ್ಸು, ಸಾಲ ಮಾಡಿ ತರೋದು ಬೇಡ ಅಂತ ಇನ್ನೊಂದು. ಬ್ಯಾಟರೀದು ಬೇಡ. ಬಳಸಿರೋರು ಹೇಳಿ.

ಮಂಡ್ಯ ಫಿಟ್ಟರ್

ಅಣ್ಣ, ವ್ಯಾಟ್ ನೋಡ್ಕಂಡು ತಗಬೇಡ. ನಾನು ಹದಿನಾಲ್ಕು ವರ್ಷದಿಂದ ಸಕ್ಕರೆ ಕಾರ್ಖಾನೆ ರಿಪೇರಿ ಕೆಲ್ಸಾನೇ ಮಾಡ್ಕಂಡ್ ಬಂದಿವ್ನಿ, ಕಬ್ಬು ಅರೆಯೋದು ನಿಂತ್ ಮ್ಯಾಲೆ ನಮ್ ಕೆಲ್ಸ ಶುರು. ಮ್ಯಾಗ್ನೆಟ್ಟು ಹಿಡೀಲಿಲ್ಲ ಅಂದ್ರೆ 1800 ವ್ಯಾಟ್ ಕಟ್ಕಂಡು ಏನ್ ಮಾಡೀಯ, ಕಟರ್ ತಿರುಗೋ ಬದ್ಲು ಮಿಷನ್ನೇ ತಿರುಗ್ತದೆ.

ಕ್ಯಾಟಲಾಗಲ್ಲಿ ಇಷ್ಟು ಕಿಲೋನ್ಯೂಟನ್ ಹಿಡಿತದೆ ಅಂತ ಬರ್ದಿರ್ತಾರಲ್ಲ, ಅದು ದಪ್ಪ ಪ್ಲೇಟಲ್ಲಿ, ನೀಟಾಗಿ ಒರಸಿರೋ ಮೈ ಮ್ಯಾಲೆ ಅಳೆದಿರೋದು. ನಿಂದು ಏನ್ ಸೆಕ್ಷನ್ನು? ಐಎಸ್‌ಎಂಬಿ 300, ಅಂದ್ರೆ 300 ಎಂಎಂ ಎತ್ತರದ ಐ ಬೀಮು, ಆದ್ರೆ ನಡುವಿನ ವೆಬ್ಬು ಏಳೂವರೆ ಎಂಎಂ ಅಷ್ಟೇಯ, ಅದ್ರ ಮ್ಯಾಲೆ ಪೂರ್ತಿ ಹಿಡಿತ ಬರಕಿಲ್ಲ. ನಾವು ಹಿಂದ್ಗಡೆಯಿಂದ ಒಂದು 12 ಎಂಎಂ ಪ್ಲೇಟ್ ಕ್ಲ್ಯಾಂಪ್ ಮಾಡ್ಕತೀವಿ, ಹೋಲ್ ಬರೋ ಜಾಗ ಬಿಟ್ಟು, ಆಗ ಗಟ್ಟಿಯಾಗಿ ಕಚ್ಕತದೆ. ತುಕ್ಕು, ಪ್ರೈಮರು, ಅಡಿಗೆ ಸಿಕ್ಕಾಕಿರೋ ಚಿಪ್ಸು, ಇವೆಲ್ಲ ಮಧ್ಯ ಗಾಳಿ ಬಿಟ್ಟಂಗೆ, ಹಿಡಿತ ತಿಂದ್‌ಹಾಕ್ತವೆ. ಫ್ಲ್ಯಾಂಜ್, ಅಂದ್ರೆ ಬೀಮಿನ ಮ್ಯಾಲ್ಗಡೆ ಕೆಳಗಡೆ ಅಗಲದ ಪಟ್ಟಿ, ಅದ್ರಲ್ಲಿ ಹೋಲ್ ಆದ್ರೆ ಹೊರಗ್ಲಿಂದಾನೇ ಹೊಡಿ, ಎಂಬಿ ಫ್ಲ್ಯಾಂಜು ಒಳಗಡೆ ಇಳಿಜಾರು ಇರ್ತದೆ, ಮ್ಯಾಗ್ನೆಟ್ ಕೂರಕಿಲ್ಲ.

ಇನ್ನೊಂದು ಮಾತು. ನಾಕು ವರ್ಷದ ಹಿಂದೆ ಪಾಂಡವಪುರದ ಕಡೆ ಒಂದು ಗ್ಯಾಂಟ್ರಿ ಮ್ಯಾಲೆ ಅಡ್ಡಡ್ಡ ಹೊಡೀತಿದ್ದೆ, ಅರ್ಧ ಹೋಲಲ್ಲಿ ಕರೆಂಟ್ ಹೋಯ್ತು. ಕರೆಂಟ್ ಹೋದ್ರೆ ಮ್ಯಾಗ್ನೆಟ್ಟೂ ಹೋಯ್ತು ಅಂತ್ಲೇಯ. ಕಟರ್ ಸಿಕ್ಕಾಕಂಡಿದ್ದಕ್ಕೆ ಒಂದು ಕ್ಷಣ ನಿಂತಿತ್ತು, ನಾನು ಕೈ ಕೊಡೋ ಅಷ್ಟ್ರಲ್ಲಿ ಕಟರ್ ಮುರ್ಕಂಡು ಕೆಳಿಕ್ ಬಿತ್ತು, ಟೀ ತಂದಿದ್ದ ಹುಡ್ಗ ಆಗ್ತಾನೆ ಪಕ್ಕಕ್ಕೆ ಸರ್ದಿದ್ದ. ಚೈನ್ ಕಟ್ಟಿರ್ನಿಲ್ಲ, ತಪ್ಪು ನಂದೇಯ. ಅವತ್ನಿಂದ ನೆಲದ ಮ್ಯಾಲೆ ಹೊಡುದ್ರೂ ಚೈನ್ ಹಾಕ್ತೀನಿ, ಜನ ನಗ್ತಾರೆ, ನಗ್ಲಿ.

ಹಳೇ ಟರ್ನರ್

ಮಂಡ್ಯದವ್ರು ಹೇಳಿದ್ದು ಸರಿ, ಆದ್ರೆ ಸ್ಪೀಡ್ ವಿಷ್ಯ ಬಿಟ್ಟುಬಿಟ್ರು. ನಿಮಗೆ ತೋರ್ಸಿರೋ ಸಿಂಗಲ್ ಸ್ಪೀಡ್ ಮಿಷನ್ ಎಷ್ಟು ಆರ್‌ಪಿಎಂ ಅಂತ ಕೇಳಿದೀರಾ? ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟರ್ರಿಗೆ ಮೈಲ್ಡ್ ಸ್ಟೀಲಲ್ಲಿ ಹಲ್ಲು ಓಡೋ ವೇಗ ನಿಮಿಷಕ್ಕೆ 25 ಮೀಟರ್ ಅಂತ ಇಟ್ಕೊಳ್ಳಿ, 22 ಎಂಎಂಗೆ ಲೆಕ್ಕ ಹಾಕಿದ್ರೆ 360 ಆರ್‌ಪಿಎಂ ಬರುತ್ತೆ, 26ಕ್ಕೆ 300. ಮಿಷನ್ನು 600ರಲ್ಲಿ ತಿರುಗ್ತಾ ಇದ್ರೆ ಅದೇ ಕಟರ್ರು 41 ಮೀಟರಲ್ಲಿ ಓಡುತ್ತೆ, ಚಿಪ್ಸು ನೀಲಿ ಬಣ್ಣಕ್ಕೆ ಬರುತ್ತೆ, ಹಲ್ಲು ಬೇಗ ಸುಟ್ಟುಹೋಗುತ್ತೆ. ಆಗ ಕಟರ್ ಸರಿ ಇಲ್ಲ ಅಂತ ಅಂಗಡಿಯವ್ನ ಮೇಲೆ ಜಗಳಕ್ಕೆ ಹೋಗ್ತೀರ. ಎರಡು ಗೇರ್ ಇರೋದು ಯಾಕೆ ಬೇಕು ಅಂದ್ರೆ ಇದಕ್ಕೆ, 50 ಎಂಎಂ ಹೊಡಿಯೋಕಲ್ಲ. ಟ್ಯಾಪಿಂಗ್, ಅಂದ್ರೆ ಹೋಲೊಳಗೆ ಥ್ರೆಡ್ ಹಾಕೋದು, ಮಾಡೋ ಯೋಚನೆ ಇದ್ರೆ ರಿವರ್ಸೂ ಇರ್ಲೇಬೇಕು.

ಆಮೇಲೆ ಕಟರ್ ಕೂರೋ ಜಾಗ. 19 ಎಂಎಂ ವೆಲ್ಡನ್ ಶ್ಯಾಂಕ್ (ಸ್ಕ್ರೂ ಕೂರೋಕೆ ಪಕ್ಕ ಚಪ್ಪಟೆ ಮಾಡಿರೋ ಕಟರ್ ಹಿಡಿ) ಹಿಡಿಯೋ ಮಿಷನ್ ತಗೊಳ್ಳಿ, ಅದಾದ್ರೆ ಯಾವ ಕಂಪನಿ ಕಟರ್ ಬೇಕಾದ್ರೂ ಹಾಕ್ಬೋದು. ಜರ್ಮನಿಯ ಫೈನ್‌ನವ್ರದ್ದು ಕ್ವಿಕ್‌ಇನ್ ಅಂತ ಬೇರೆ, ಜಪಾನಿನ ನಿಟ್ಟೊ ಕೊಹ್ಕಿದು ಒನ್‌ಟಚ್ ಅಂತ ಬೇರೆ. ಮಿಷನ್ ವಿಷ್ಯದಲ್ಲಿ ಎರಡೂ ಒಳ್ಳೇವೇ, ಫೈನ್ ಅಂದ್ರೆ 1895ರಲ್ಲೇ ಕರೆಂಟಿನ ಕೈ ಡ್ರಿಲ್ ಮಾಡಿದ ಜನ, ಆದ್ರೆ ಕಟರ್ರು ಶನಿವಾರ ಸಂಜೆ ಮುರಿದ್ರೆ ಸೋಮವಾರ ಬೆಳಿಗ್ಗೆ ಮೈಸೂರಲ್ಲಿ ಸಿಗುತ್ತಾ ಅನ್ನೋದನ್ನೂ ನೋಡ್ಬೇಕಲ್ವಾ. 12, 20 ಎಂಎಂ ಪ್ಲೇಟಿಗೆ 30 ಡೆಪ್ತ್ ಕಟರ್ ಸಾಕು, 50 ಉದ್ದದ್ದು ಸುಮ್ನೆ ನಡುಗುತ್ತೆ.

ನಿಮ್ ಹುಡುಗ್ರಿಗೆ ಮೊದಲೇ ಹೇಳಿ, ಹೋಲ್ ಶುರು ಮಾಡಿದ ಮೇಲೆ ಟ್ವಿಸ್ಟ್ ಡ್ರಿಲ್ಲಿನ ಥರ ಕುಕ್ಕಿ ಕುಕ್ಕಿ ಹೊಡೀಬಾರ್ದು, ಒಂದೇ ಸಮ ಒತ್ತಡದಲ್ಲಿ ಕೊನೇವರೆಗೂ ಹೋಗ್ಬೇಕು. ಪೈಲಟ್ ಹೋಲೂ ಬೇಡ, ಸೆಂಟರ್ ಪಂಚ್ ಸಾಕು. ಕಟರ್ರು ಸುತ್ತ ಮಾತ್ರ ಕೊರೆಯೋದು, ನಡುವೆ ಬಿಲ್ಲೆ ಉಳಿಯುತ್ತೆ, ಆರ್‌ಪಾರ್ ಆದ ತಕ್ಷಣ ಕಟರ್ ನಡುವಿನ ಪಿನ್ನು ಅದನ್ನ ಆಚೆ ತಳ್ಳುತ್ತೆ. ಕ್ಲೀಟು (ಬೀಮು ಜೋಡಿಸೋ ಸಣ್ಣ ಆಂಗಲ್ ತುಂಡು) ವೆಬ್ಬು ಎರಡೂ ಸೇರಿಸಿ ಒಟ್ಟಿಗೆ ಹೊಡೀತೀನಿ ಅಂತ ಹೋದ್ರೆ ಮೊದಲ್ನೇ ಬಿಲ್ಲೆ ಒಳಗೇ ಕೂತ್ಕೊಂಡು ಕಾಟ ಕೊಡುತ್ತೆ.

ವೈಂಡಿಂಗ್ ಅಂಗಡಿ

ನನ್ನ ಹತ್ರ ರಿಪೇರಿಗೆ ಬರೋವು ನೋಡಿ ಹೇಳ್ತೀನಿ. ಹೊಸದ್ರಲ್ಲಿ ಎಲ್ಲಾ ಮಿಷನ್ನೂ ಚೆನ್ನಾಗೇ ಇರುತ್ತೆ. ಒಂದು ವರ್ಷ ಆದ್ಮೇಲೆ ಮೋಟರ್ ಮೇಲೆ ಕೆಳಗೆ ಜಾರೋ ಸ್ಲೈಡ್ ಲೂಸಾಗುತ್ತೆ, ಪಕ್ಕದ ಸ್ಕ್ರೂ ಟೈಟ್ ಮಾಡಿ ಸರಿಮಾಡ್ಕೋಬೇಕು ಅನ್ನೋದೇ ತುಂಬ ಜನಕ್ಕೆ ಗೊತ್ತಿಲ್ಲ, ಹಾಗೇ ಓಡಿಸಿ ಓಡಿಸಿ ಕಟರ್ ಮುರ್ಕೊಂಡು ಬರ್ತಾರೆ. ಕಾರ್ಬನ್ ಬ್ರಷ್ಷು ಪೂರ್ತಿ ತೇದು ಆರ್ಮೇಚರ್ ಗೀಚಿದ ಮೇಲೆ ತಂದ್ರೆ ನಾನೇನು ಮಾಡ್ಲಿ. ಹಾಗಾಗಿ ಕಂಪನಿ ಯಾವುದೇ ಇರ್ಲಿ, ಬಾಷೋ ಬಿಡಿಎಸ್ಸೋ ಯೂರೋಬೂರೋ ನಮ್ಮ ಕೆಪಿಟಿನೋ, ಬ್ರಷ್ಷು, ಸ್ವಿಚ್ಚು, ಮ್ಯಾಗ್ನೆಟ್ ಬೋರ್ಡು ಇವು ಮೂರೂ ಬಿಡಿಯಾಗಿ ಸಿಗುತ್ತಾ ಅಂತ ದುಡ್ಡು ಕೊಡೋ ಮುಂಚೆ ಕೇಳಿ.

ಇದೊಂದು ಯಾರೂ ಹೇಳಲ್ಲ, ಯಾವ ಪೀಸ್ ಮೇಲೆ ಡ್ರಿಲ್ ಕೂತಿದೆಯೋ ಅದೇ ಪೀಸಲ್ಲಿ ಇನ್ನೊಬ್ಬ ವೆಲ್ಡಿಂಗ್ ಮಾಡ್ಬಾರ್ದು. ವೆಲ್ಡಿಂಗ್ ಅರ್ತು ಸರಿಯಾಗಿ ಕಚ್ಚಿರ್ಲಿಲ್ಲ ಅಂದ್ರೆ ಆ ಕರೆಂಟು ಡ್ರಿಲ್ಲಿನ ಅರ್ತ್ ವೈರಲ್ಲಿ ಹಾದು ವಾಪಸ್ ಹೋಗುತ್ತೆ, ವೈರ್ ಸುಟ್ಟು ಬಂದಿರೋ ಮಿಷನ್ ನಾನೇ ಬಿಚ್ಚಿದೀನಿ.

ಹೆಬ್ಬಾಳ್ ಶೆಡ್

ಅಯ್ಯೋ ನಮ್ಮಲ್ಲಿ ದಿನಾ ಅದೇ ಮಾಡೋದು, ಒಂದು ತುದೀಲಿ ಡ್ರಿಲ್ಲು ಇನ್ನೊಂದು ತುದೀಲಿ ವೆಲ್ಡಿಂಗು. ಸೈಟಲ್ಲಿ ನಲವತ್ತು ಮೀಟರ್ ವೈರ್ ಎಳೀಬೇಕಾಗುತ್ತೆ, ಪರವಾಗಿಲ್ವಾ?

ವೈಂಡಿಂಗ್ ಅಂಗಡಿ

2.5 ಸ್ಕ್ವೇರ್ ಎಂಎಂ ಮೂರು ಕೋರ್ ಎಳೀರಿ, ಡ್ರಮ್ಮಲ್ಲಿ ಸುತ್ತಿಟ್ಟು ಓಡಿಸ್ಬೇಡಿ, ಪೂರ್ತಿ ಬಿಚ್ಚಿ. ವೆಲ್ಡಿಂಗ್ ಸೆಟ್ಟಿಗೂ ಇದಕ್ಕೂ ಒಂದೇ ಲೈನ್ ಬೇಡ.

ಕಡಕೊಳ ಕಬ್ಬಿಣ

ಆರ್ನೂರು ಹೋಲಿಗೆ ಮಿಷನ್ ಯಾಕ್ರಿ ತಗೋತೀರ, ಪಂಚಿಂಗ್ ಇರೋರ ಹತ್ರ ಕ್ಲೀಟೆಲ್ಲ ಕೊಟ್ಟು ಹೊಡಿಸ್ಕೊಂಡ್ ಬನ್ನಿ, ಉಳಿದಿದ್ದಕ್ಕೆ ಬಾಡಿಗೆಗೆ ತನ್ನಿ.

ಹೆಬ್ಬಾಳ್ ಶೆಡ್

ಕ್ಲೀಟ್ ಹೊರಗಡೆ ಕೊಡೋದು ಒಳ್ಳೇ ಐಡಿಯಾ ಸಾರ್, ಕೊಡ್ತೀನಿ. ಆದ್ರೆ ಕಾಲಮ್ಮು ಬೀಮು ಹೊತ್ಕೊಂಡು ಎಲ್ಲಿಗೆ ಹೋಗ್ಲಿ.

ಇವತ್ತು ಏನ್ ಮಾಡ್ದೆ ಅಂದ್ರೆ, ಐಎಸ್‌ಎಂಬಿ 300ರದ್ದೇ ಒಂದು ಮೊಳದ ತುಂಡನ್ನ ಆಟೋದಲ್ಲಿ ಹಾಕ್ಕೊಂಡು ಅಂಗಡಿಗೆ ಹೋದೆ. ವೆಬ್ ಮೇಲೆ ಕೂರ್ಸಿ ನೋಡಿದ್ರೆ ಸಿಂಗಲ್ ಸ್ಪೀಡಿಂದು ಹ್ಯಾಂಡಲ್ ಒತ್ತಿದ ಕೂಡ್ಲೇ ಹಿಂಬದಿ ಚೂರು ಎದ್ದಂಗಾಯ್ತು, ಆರ್‌ಪಿಎಂ ನೋಡಿದ್ರೆ ಟರ್ನರ್ ಸಾರ್ ಹೇಳ್ದಂಗೆ 600ರ ಮೇಲೇನೇ. ಇಪ್ಪತ್ತೆರಡು ಕೆಜೀದು ಚೆನ್ನಾಗಿ ಹಿಡೀತು, ಆದ್ರೆ ಅದನ್ನ ಏಣಿ ಮೇಲೆ ಹತ್ತಿಸೋರು ಯಾರು. ಕೊನೆಗೆ ಅವ್ರೇ ಒಳಗಿಂದ ಮೂರನೇದೊಂದು ತೆಗೆದ್ರು, ಎರಡು ಗೇರು, 1200 ವ್ಯಾಟು, ವೆಲ್ಡನ್ನು, ಹದಿನಾಲ್ಕು ಕೆಜಿ, ಮ್ಯಾಗ್ನೆಟ್ ಬೇಸು ಸ್ವಲ್ಪ ಉದ್ದ. ವೆಬ್ ಹಿಂದೆ ಪ್ಲೇಟ್ ಇಟ್ಟು ಹೊಡೆದ್ರೆ ಬೆಣ್ಣೇಲಿ ಹೋದಂಗೆ ಹೋಯ್ತು, ಚಿಪ್ಸು ಬೆಳ್ಳಗೆ ಉದ್ದುದ್ದಕ್ಕೆ ಸುರುಳಿಯಾಗಿ ಬಂತು. ಅಡ್ವಾನ್ಸ್ ಕೊಟ್ಟಿದೀನಿ. ಬಾಕ್ಸಲ್ಲಿ ಚೈನ್ ಇರ್ಲಿಲ್ಲ, ಜಗಳ ಮಾಡಿ ಇಸ್ಕೊಂಡೆ. ಒಂದೇ ಡೌಟು, ಮೇಲೆ ಅಡ್ಡಡ್ಡ ಹೊಡೆಯೋವಾಗ ಕಟರ್ ತಣ್ಣಗಿಡೋಕೆ ಮಿಷನ್ ಜೊತೆ ಬರೋ ಕೂಲೆಂಟ್ ಬಾಟ್ಲು ಕೆಲ್ಸ ಮಾಡುತ್ತಾ?

ಮಂಡ್ಯ ಫಿಟ್ಟರ್

ಮಾಡಕಿಲ್ಲ, ನೀರು ಸೋರ್ಕಂಡು ನಿನ್ ತೋಳಿಗೇ ಬತ್ತದೆ. ಕಟಿಂಗ್ ಪೇಸ್ಟ್ ಸಿಗ್ತದೆ, ಕಟರ್ ಒಳಿಕ್ಕೇ ಮೆತ್ತು. ಬಿಲ್ಲೆ ಬೀಳೋ ಜಾಗ್ದಲ್ಲಿ ಯಾರ್ನೂ ನಿಲ್ಲುಸ್ಬೇಡ, ಸುಡ್ತಾ ಇರ್ತದೆ. ಸಂಜೆ ಎಲ್ಲಾನೂವೆ ಆಯ್ದು ಡಬ್ಬಕ್ಕಾಕು, ಆರ್ನೂರು ಬಿಲ್ಲೆ ಅಂದ್ರೆ ಹತ್ತು ಕೆಜಿ ಹತ್ರ ಆಯ್ತದೆ, ಗುಜರಿಗಾಕುದ್ರೆ ಹುಡುಗ್ರ ಟೀ ಕಾಸಾದ್ರೂ ಹುಟ್ತದೆ.