ಫುಜಿನಾನ್-ಡಬ್ಲ್ಯೂ 210/5.6: ಹೆಸರು ಒಂದೇ, ಇಮೇಜ್ ಸರ್ಕಲ್ ಎರಡು. ಯಾವುದನ್ನು ನಂಬಲಿ?

ಗಾಜುಪರದೆ (ಧಾರವಾಡ)

ನಮಸ್ಕಾರ್ರೀ. ಲಾರ್ಜ್ ಫಾರ್ಮ್ಯಾಟ್ (ದೊಡ್ಡ ಹಾಳೆ ಫಿಲ್ಮಿನ ಕ್ಯಾಮೆರಾ) ಹುಚ್ಚು ಹತ್ತಿದವರು ಇಲ್ಲಿ ಯಾರಾದರೂ ಇದ್ದರೆ ಸ್ವಲ್ಪ ಸಹಾಯ ಬೇಕಿತ್ತು.

ಊರಿನ ಹಳೇ ಸ್ಟುಡಿಯೋ ಒಂದು ಬಾಗಿಲು ಹಾಕುವಾಗ 8×10 ಇಂಚಿನ ಮರದ ಕ್ಯಾಮೆರಾ ನನ್ನ ಪಾಲಿಗೆ ಬಂತು. ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ಚೀಲ) ಚಿಂದಿಯಾಗಿತ್ತು, ಕಪ್ಪು ಬಟ್ಟೆ ತಂದು ಹೊಸದು ಅಂಟಿಸಿದೆ. ಲೆನ್ಸ್ ಇರಲಿಲ್ಲ. ಆಮೇಲೆ ಬೇರೆ ಕಡೆಯಿಂದ ಫುಜಿನಾನ್-ಡಬ್ಲ್ಯೂ 210 ಎಂಎಂ ಎಫ್/5.6 ಕೊಂಡೆ. ಮಾರಿದವರು “8×10 ಆರಾಮಾಗಿ ತುಂಬುತ್ತದೆ” ಅಂದಿದ್ದರು.

ತುಂಬಲಿಲ್ಲ. ನಾಲ್ಕೂ ಮೂಲೆ ಕಪ್ಪು. ಮೊದಲು ಗ್ರೌಂಡ್ ಗ್ಲಾಸ್, ಅಂದರೆ ಹಿಂಬದಿಯಲ್ಲಿ ಫೋಕಸ್ ನೋಡುವ ಮಸುಕು ಗಾಜಿನ ಮೇಲೆ ಅನುಮಾನ ಬಂತು, ಎಕ್ಸ್-ರೇ ಫಿಲ್ಮ್ ಮೇಲೆ ತೆಗೆದು ನೋಡಿದರೂ ಅದೇ ಕತೆ. (8×10 ಶೀಟ್ ಫಿಲ್ಮಿನ ರೇಟು ನೋಡಿದರೆ ಎದೆ ಝಲ್ ಅನ್ನುತ್ತದೆ, ಅದಕ್ಕೇ ಎಕ್ಸ್-ರೇ.)

ಸ್ಪೆಸಿಫಿಕೇಶನ್ ಹುಡುಕಿದರೆ ಒಂದು ಪಟ್ಟಿಯಲ್ಲಿ ಇಮೇಜ್ ಸರ್ಕಲ್ (ಲೆನ್ಸ್ ಬೀರುವ ದುಂಡು ಚಿತ್ರದ ವ್ಯಾಸ) 352 ಎಂಎಂ, ಇನ್ನೊಂದರಲ್ಲಿ 300ರ ಆಸುಪಾಸು. ಎರಡರಲ್ಲೂ ಅದೇ ಹೆಸರು, ಅದೇ 210, ಅದೇ 5.6. ಈ ಲೆನ್ಸ್ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು, ಕಂಪನಿಯ ಈಗಿನ ಪಟ್ಟಿಯಲ್ಲಿ ಸುಳಿವೇ ಇಲ್ಲ. ನನ್ನದು 300ರದ್ದೇ ಆಗಿದ್ದರೆ ಮಾರಿ 4×5ಕ್ಕೆ ಇಳಿದುಬಿಡುತ್ತೇನೆ.

ಕರಾವಳಿಫಿಲ್ಮ್

ಮಾರಾಯ್ರೆ, ಮಾರುವ ಮಾತು ಆಮೇಲೆ. ಮೊದಲು ಇಷ್ಟು ಹೇಳಿ: ಲೆನ್ಸಿನ ಹೆಸರು ಎಲ್ಲಿ ಬರೆದಿದೆ? ಮುಂದಿನ ಗಾಜಿನ ಸುತ್ತ ಒಳಗಿನ ರಿಂಗಿನ ಮೇಲೋ, ಹೊರಮೈ ಮೇಲೋ? ಶಟರ್ ಯಾವುದು? ಯಾವ ಅಪರ್ಚರಿನಲ್ಲಿ ತೆಗೆದಿರಿ? ಲೆನ್ಸಿನ ಮುಂದೆ ಏನಾದರೂ ತಿರುಗಿಸಿಟ್ಟಿದ್ದೀರಾ?

ಗಾಜುಪರದೆ (ಧಾರವಾಡ)

ಹೆಸರು ಒಳಗಿನ ರಿಂಗಿನ ಮೇಲೆ, ಗಾಜಿನ ಸುತ್ತ. ಶಟರ್ ಕೋಪಾಲ್ ಕಂಪನಿಯ 1ನೇ ಸೈಜಿನದು. ಗ್ರೌಂಡ್ ಗ್ಲಾಸ್ ನೋಡಿದ್ದು ಎಫ್/5.6ರಲ್ಲಿ, ಫಿಲ್ಮ್ ಎಫ್/16ರಲ್ಲಿ. ಮುಂದೆ 58 ಎಂಎಂ ಯುವಿ ಫಿಲ್ಟರ್ ಇದೆ, ಬಂದಾಗಲೇ ಜಾಮ್ ಆಗಿತ್ತು. ಕೋಟಿಂಗ್ ಹಳೇದು, ಫ್ಲೇರ್ (ಅಡ್ಡಬೆಳಕಿನ ಮಸುಕು) ಬಂದೀತು ಅಂತ ಅದರ ಮೇಲೆ ನನ್ನ ಹಳೇ ಎಸ್‌ಎಲ್‌ಆರ್‌ನ 50 ಎಂಎಂ ಲೆನ್ಸಿನ ಲೋಹದ ಹುಡ್ ಹಾಕಿದ್ದೇನೆ.

ಎಂಟುಹತ್ತು

ನನ್ನ ಹತ್ತಿರ ಹೊರಮೈ ಮೇಲೆ ಹೆಸರಿರುವ ಫುಜಿನಾನ್-ಡಬ್ಲ್ಯೂ 210 ಇದೆ, ಇಬಿಸಿ ಅನ್ನುವ ಬಹುಪದರದ ಕೋಟಿಂಗಿನದು. ಪಟ್ಟಿಯ ಪ್ರಕಾರ 300 ಎಂಎಂ. ಆದರೂ 8×10 ಪೂರ್ತಿ ತುಂಬುತ್ತದೆ, ನೂರಾರು ಪೋರ್ಟ್ರೇಟ್ ತೆಗೆದಿದ್ದೇನೆ. ಈ ಪಟ್ಟಿಗಳನ್ನೆಲ್ಲ ಅಷ್ಟು ತಲೆಗೆ ಹಚ್ಚಿಕೊಳ್ಳಬೇಡಿ.

ಹಳೆಗಾಜು

ಪಟ್ಟಿ ಸುಳ್ಳಲ್ಲ. ನಾವು ಓದುವುದರಲ್ಲೇ ಎಡವುತ್ತೇವೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಇದೇ ಪ್ರಶ್ನೆ ವರ್ಷಕ್ಕೆ ನಾಲ್ಕು ಸಲ ಬರುತ್ತದೆ.

ತಯಾರಿಕೆ ನಿಂತ ಲೆನ್ಸನ್ನು ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುವುದು ಗ್ಯಾರಂಟಿ. ಕಂಪನಿಗಳು ಒಂದೇ ಹೆಸರಿನಡಿ ಒಳಗಿನ ಗಾಜನ್ನೇ ಬದಲಾಯಿಸಿವೆ. ನಿಮ್ಮ ಫುಜಿನಾನ್-ಡಬ್ಲ್ಯೂ ಅದಕ್ಕೆ ಒಳ್ಳೆಯ ಉದಾಹರಣೆ. ಒಳರಿಂಗಿನ ಮೇಲೆ ಹೆಸರಿರುವುದು ಹಳೇ ಸರಣಿ: ಸಿಂಗಲ್ ಕೋಟಿಂಗ್, ಲೆನ್ಸ್ ಚಿತ್ರ ಬೀರುವ ಕೋನ 80 ಡಿಗ್ರಿ. ಹೊರಮೈ ಮೇಲೆ ಹೆಸರಿರುವುದು ಆಮೇಲಿನ ಇಬಿಸಿ ಸರಣಿ, ಕೋನ ಕಡಿಮೆ. ಕೋಟಿಂಗ್ ಸುಧಾರಿಸಿತು, ವ್ಯಾಪ್ತಿ ಕುಗ್ಗಿತು. ಹಾಗಾಗಿ 8×10ದವರು ಹಳೇದನ್ನೇ ಹುಡುಕಿಕೊಂಡು ಹೋಗುತ್ತಾರೆ. ಗಾಜುಪರದೆಯವರೇ, ನಿಮ್ಮ ಕೈಗೆ ಬಂದಿರುವುದು ಅದೇ. ಮಾರಬೇಡಿ.

ಸಿಕ್ಕ ಅಂಕಿ ಸರಿಯೋ ಅಲ್ಲವೋ ಅಂತ ಕೂತಲ್ಲೇ ಪರೀಕ್ಷಿಸಬಹುದು. ಫೋಕಲ್ ಲೆಂಗ್ತಿನ ಎರಡರಷ್ಟನ್ನು ಅರ್ಧಕೋನದ ಟ್ಯಾನ್‌ನಿಂದ ಗುಣಿಸಿ. 420 × ಟ್ಯಾನ್ 40 ಅಂದರೆ 352. ಅದೇ 72 ಡಿಗ್ರಿ ಇಟ್ಟುಕೊಂಡರೆ 305. ನಿಕ್ಕೋರ್-ಡಬ್ಲ್ಯೂ 210ಕ್ಕೆ ನಿಕಾನ್ ಕೊಟ್ಟಿದ್ದು 70 ಡಿಗ್ರಿ, 295 ಎಂಎಂ. ಅದೂ ತಾಳೆಯಾಗುತ್ತದೆ. ಯಾವುದಾದರೂ ಪಟ್ಟಿಯಲ್ಲಿ ಕೋನಕ್ಕೂ ಸರ್ಕಲ್ಲಿಗೂ ಹೊಂದಾಣಿಕೆ ಇಲ್ಲದಿದ್ದರೆ ಯಾರೋ ಎರಡು ಲೆನ್ಸಿನ ಸಾಲು ಬೆರೆಸಿದ್ದಾರೆ ಅಂತಲೇ ಲೆಕ್ಕ.

8×10 ಎಷ್ಟು ಕೇಳುತ್ತದೆ? ಹಾಳೆ 203×254 ಎಂಎಂ. ಹೋಲ್ಡರಿನ ಅಂಚು ಕಳೆದರೆ ಚಿತ್ರ ಬೀಳುವುದು ಸುಮಾರು 194×245 ಮೇಲೆ, ಕರ್ಣ 312. ಅಂದರೆ 352 ತುಂಬುತ್ತದೆ, 300 ತುಂಬಲ್ಲ.

ಹಾಗಾದರೆ ಎಂಟುಹತ್ತು ಅವರ ಲೆನ್ಸ್ ಹೇಗೆ ತುಂಬುತ್ತಿದೆ? ಉತ್ತರ ಅವರ ಮಾತಿನಲ್ಲೇ ಇದೆ: ಪೋರ್ಟ್ರೇಟ್. ಪಟ್ಟಿಯ ಅಂಕಿ ಅನಂತ ದೂರಕ್ಕೆ, ಸಾಮಾನ್ಯವಾಗಿ ಎಫ್/22ಕ್ಕೆ. ಹತ್ತಿರಕ್ಕೆ ಫೋಕಸ್ ಮಾಡಿದಂತೆ ಲೆನ್ಸ್ ಮುಂದೆ ಬರುತ್ತದೆ, ಸರ್ಕಲ್ ಹಿಗ್ಗುತ್ತದೆ. ಒಂದೂವರೆ ಮೀಟರ್ ದೂರದಲ್ಲಿ ಮುಖ ಇದ್ದರೆ ಮ್ಯಾಗ್ನಿಫಿಕೇಶನ್ ಸುಮಾರು 0.16. 300 × 1.16 ಅಂದರೆ 348. ಅದೇ ಲೆನ್ಸನ್ನು ಬೆಟ್ಟದ ಕಡೆ ತಿರುಗಿಸಿ ನೋಡಿ ಸರ್.

ಇನ್ನು ನಿಮ್ಮ ಕಪ್ಪು ಮೂಲೆ. ನನ್ನ ಅನುಮಾನವೆಲ್ಲ ಆ ಹುಡ್ ಮೇಲೆ. 35 ಎಂಎಂ ಕ್ಯಾಮೆರಾದ 50 ಎಂಎಂ ಲೆನ್ಸಿಗೆ ಬೇಕಿರುವುದು 47 ಡಿಗ್ರಿ, ಹುಡ್ ಮಾಡಿದ್ದೂ ಅಷ್ಟಕ್ಕೇ. 8×10 ಮೇಲೆ 210 ನೋಡುವುದು 73 ಡಿಗ್ರಿ. ಮದುವೆಮನೆ ಬಾಗಿಲಲ್ಲಿ ಕೊಡೆ ಬಿಚ್ಚಿಕೊಂಡೇ ನುಗ್ಗಿದ ಹಾಗಾಯಿತು. ಹುಡ್ ತೆಗೆಯಿರಿ, ಯುವಿ ಫಿಲ್ಟರನ್ನೂ ತೆಗೆಯಿರಿ. ಗ್ರೌಂಡ್ ಗ್ಲಾಸಿನ ತೀರ್ಪನ್ನು ಎಫ್/5.6ರಲ್ಲಿ ಕೊಡಬೇಡಿ, ಎಫ್/22ಕ್ಕೆ ಇಳಿಸಿ.

ನಾನು ಮಾಡುವ ಪರೀಕ್ಷೆ ಹೀಗೆ. ಎಫ್/22, ಶಟರ್ ತೆರೆದಿಡಿ. ಗ್ರೌಂಡ್ ಗ್ಲಾಸಿನ ಮೂಲೆ ಕತ್ತರಿಸಿದ್ದರೆ ಅಲ್ಲಿಂದ, ಇಲ್ಲದಿದ್ದರೆ ಹಿಂಬದಿಯ ಚೌಕಟ್ಟು ತೆಗೆದು, ಮೂಲೆಗೇ ಕಣ್ಣಿಟ್ಟು ಲೆನ್ಸ್ ಕಡೆ ನೋಡಿ. ಅಪರ್ಚರಿನ ಬೆಳಕಿನ ತೂತು ಇಡಿಯಾಗಿ ಕಂಡರೆ ಆ ಮೂಲೆಗೆ ತೊಂದರೆ ಇಲ್ಲ. ಹುಣಸೆ ಬೀಜದ ಹಾಗೆ ಎರಡು ಕಡೆ ಕೊರೆದಂತೆ ಕಂಡರೆ ಲೆನ್ಸಿನ ಕೊಳವೆ, ಫಿಲ್ಟರ್ ಅಥವಾ ಹುಡ್ ಅಡ್ಡ ಬರುತ್ತಿದೆ. ಮುಂದಿನಿಂದ ಒಬ್ಬರು ಲೆನ್ಸಿನ ಅಂಚಿನ ಸುತ್ತ ಬೆರಳು ಆಡಿಸಿದರೆ ಯಾವ ಕಡೆ ತಡೆ ಅಂತಲೂ ತಿಳಿಯುತ್ತದೆ.

ಮೂಲ ಕಾಗದವೇ ಬೇಕು ಅನ್ನುವವರಿಗೆ: ನಿಕಾನ್ ಲಾರ್ಜ್ ಫಾರ್ಮ್ಯಾಟ್ ಲೆನ್ಸ್ ನಿಲ್ಲಿಸುವುದಾಗಿ ಹೇಳಿದ್ದು 2006ರಲ್ಲಿ. ಆಗಿನ ಪುಟಗಳನ್ನು ಹಳೇ ವೆಬ್ ಪುಟ ಕಾಪಿಟ್ಟಿರುವ ವೇಬ್ಯಾಕ್ ಮಷೀನಿನಲ್ಲಿ ಹುಡುಕಬೇಕು. ಫುಜಿಗೆ ಇಂಗ್ಲಿಷಿನಲ್ಲಿ ಹುಡುಕಿ ಸಾಕಾದರೆ ಜಪಾನಿಯಲ್ಲಿ ಹುಡುಕಿ. ಅವರ ಕ್ಯಾಟಲಾಗಿನ ಪಟ್ಟಿಯಲ್ಲಿ ಕಟಕಾನಾ ಲಿಪಿಯಲ್ಲಿ “ಇಮೇಜಿ ಸಾಕುರು” ಅಂತ ಒಂದು ಕಾಲಂ ಇರುತ್ತದೆ. ನಮ್ಮ ಇಮೇಜ್ ಸರ್ಕಲ್ಲೇ ಅದು, ಒಮ್ಮೆ ಆ ಅಕ್ಷರಗಳ ಗುರುತು ಸಿಕ್ಕರೆ ಉಳಿದದ್ದೆಲ್ಲ ಅಂಕಿಗಳು. ಜರ್ಮನಿಯ ಶ್ನೈಡರ್ ಕಂಪನಿಯ ಲೆನ್ಸ್ ಆದರೆ ಪುಣ್ಯವಂತರು. ಹಳೇ ಲೆನ್ಸುಗಳ ಮಾಹಿತಿಯನ್ನೂ ಸೀರಿಯಲ್ ನಂಬರಿಗೆ ವರ್ಷ ಹೊಂದಿಸುವ ಪಟ್ಟಿಯನ್ನೂ ಕಂಪನಿಯೇ ಕೊಟ್ಟಿದೆ. ಆದರೆ ಅಲ್ಲೂ ಹೆಸರಿನ ಮೋಸ ಇದ್ದದ್ದೇ. ಆಂಗುಲಾನ್ 90/6.8 ಅಂದರೆ ಸರ್ಕಲ್ 154 ಎಂಎಂ, ಸೂಪರ್-ಆಂಗುಲಾನ್ 90/8 ಅಂದರೆ 216. “ಸೂಪರ್” ಅನ್ನುವ ಒಂದು ಪದ ಬಿಟ್ಟು ಓದಿದ್ದಕ್ಕೆ ನಾನು ಒಮ್ಮೆ ದುಡ್ಡು ಕಳೆದುಕೊಂಡಿದ್ದೇನೆ.

ಎಂಟುಹತ್ತು

ಟೆರೇಸಿಗೆ ಹೋಗಿ ದೂರದ ಮೊಬೈಲ್ ಟವರಿಗೆ ಫೋಕಸ್ ಮಾಡಿ ನೋಡಿದೆ. ಮೂಲೆಗಳು ಹೋದವು. ಇಷ್ಟು ವರ್ಷ ಮುಖ ಬಿಟ್ಟು ಬೇರೇನೂ ತೆಗೆದೇ ಇಲ್ಲ ಅಂತ ಈಗ ಗೊತ್ತಾಯಿತು. ಮೇಲೆ ಹೇಳಿದ್ದನ್ನು ವಾಪಸ್ ತಗೊಂಡೆ.

ಮಲೆನಾಡುಮಳೆ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನ ಹತ್ತಿರ ಹಳೇ ಆಫ್‌ಸೆಟ್ ಪ್ರೆಸ್ಸಿನ ಪ್ರೊಸೆಸ್ ಕ್ಯಾಮೆರಾದಿಂದ ಬಿಚ್ಚಿದ ಲೆನ್ಸ್ ಇದೆ. ಅಕ್ಷರವೆಲ್ಲ ಸವೆದುಹೋಗಿದೆ, ಫೋಕಲ್ ಲೆಂಗ್ತೂ ಗೊತ್ತಿಲ್ಲ. ಅಂಥದ್ದಕ್ಕೆ ಏನು ಮಾಡುವುದು?

ಹಳೆಗಾಜು

ಅಳೆದುಬಿಡಿ. ದೂರದ ಮರಕ್ಕೆ ಫೋಕಸ್ ಮಾಡಿ, ಗ್ರೌಂಡ್ ಗ್ಲಾಸ್ ನಿಂತ ಜಾಗಕ್ಕೆ ಕ್ಯಾಮೆರಾದ ಹಳಿಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಆಮೇಲೆ ಒಂದು ಸ್ಕೇಲನ್ನು ಎದುರಿಗಿಟ್ಟು, ಗ್ರೌಂಡ್ ಗ್ಲಾಸ್ ಮೇಲೆ ಅದು ಅದರದ್ದೇ ಅಳತೆಯಲ್ಲಿ ಮೂಡುವವರೆಗೆ, 10 ಸೆಂ.ಮೀ. 10 ಸೆಂ.ಮೀ. ಆಗಿಯೇ ಕಾಣುವವರೆಗೆ, ಗ್ಲಾಸನ್ನು ಹಿಂದಕ್ಕೆ ಎಳೆಯುತ್ತಾ ಸ್ಕೇಲನ್ನೂ ಸರಿಸಿ. ಆಗ ಗ್ಲಾಸ್ ನಿಂತಲ್ಲಿ ಇನ್ನೊಂದು ಗೆರೆ ಎಳೆಯಿರಿ. ಲೆನ್ಸ್ ಮಾತ್ರ ಅಲ್ಲಾಡಬಾರದು. ಎರಡು ಗೆರೆಗಳ ನಡುವಿನ ಅಂತರವೇ ಫೋಕಲ್ ಲೆಂಗ್ತ್. ಗೆರೆಯಿಂದ ಗೆರೆಗೆ ಅಳೆಯುವುದರಿಂದ ಲೆನ್ಸಿನ ಯಾವ ಬಿಂದುವಿನಿಂದ ಅಳೆಯಬೇಕು ಅನ್ನುವ ತಲೆನೋವು ಇಲ್ಲ. ಬೆಲ್ಲೋಸ್ ಮಾತ್ರ ಎರಡರಷ್ಟು ಉದ್ದ ಬೇಕು. ಪ್ರೊಸೆಸ್ ಲೆನ್ಸುಗಳ ಕೋನ ಸಾಮಾನ್ಯವಾಗಿ ಕಡಿಮೆ, 210ರ ಹಾಗೆ 80 ಡಿಗ್ರಿ ನಿರೀಕ್ಷಿಸಬೇಡಿ.

ಗಾಜುಪರದೆ (ಧಾರವಾಡ)

ವರದಿ ಒಪ್ಪಿಸಲು ಬಂದೆ. ಹುಡ್ ಸಲೀಸಾಗಿ ಬಂತು. ಯುವಿ ಫಿಲ್ಟರ್ ಜಪ್ಪಯ್ಯ ಅನ್ನಲಿಲ್ಲ. ಎರಡು ದಿನ ಕುಸ್ತಿ ಹಿಡಿದ ಮೇಲೆ ಸೈಕಲ್ ಟ್ಯೂಬಿನ ತುಂಡನ್ನು ರಿಂಗಿನ ಸುತ್ತ ಸುತ್ತಿ, ಹಿಸುಕದೆ ಮೆಲ್ಲಗೆ ತಿರುಗಿಸಿದೆ. ‘ಕರ್’ ಅಂತ ಬಿಟ್ಟಿತು.

ಎಫ್/22ರಲ್ಲಿ ಮೂಲೆಯಿಂದ ನೋಡಿದರೆ ಬೆಳಕಿನ ತೂತು ನಾಲ್ಕೂ ಕಡೆ ಇಡಿ. ಅಷ್ಟು ಖುಷಿಯಲ್ಲಿ ಕೆರೆ ದಂಡೆಗೆ ಹೋಗಿ ಒಂದು ಅಡ್ಡ ಫ್ರೇಮ್ ತೆಗೆದೆ. ನೆಗೆಟಿವ್ ತೊಳೆದು ಪ್ರಿಂಟ್ ಮಾಡಿದರೆ ಮೂಲೆಗಳು ನಾಲ್ಕೂ ಸ್ವಚ್ಛ, ಆದರೆ ಚಿತ್ರದ ಕೆಳಗಂಚಿನಲ್ಲಿ ಒಂದು ಮಬ್ಬು ಕಪ್ಪು ಪಟ್ಟಿ. ನಡುವೆ ದಪ್ಪ, ಮೂಲೆಗಳ ಕಡೆ ಹೋದಂತೆ ತೆಳು. ಕಡೆಗೂ ಲೆನ್ಸಿನ ಸರ್ಕಲ್ ಸಾಲದಾಯಿತೇ?

ಕರಾವಳಿಫಿಲ್ಮ್

ಸರ್ಕಲ್ ಸಾಲದಿದ್ದರೆ ಮೊದಲು ಹೋಗುವುದು ಮೂಲೆ ಮಾರಾಯ್ರೆ. ಮೂಲೆ ಉಳಿದು ಅಂಚಿನ ನಡು ಹೋಗುವುದು ಲೆನ್ಸಿಂದ ಸಾಧ್ಯವೇ ಇಲ್ಲ. ನೀವು ಅಂಟಿಸಿದ ಬೆಲ್ಲೋಸ್ ನೋಡಿ. ಉದ್ದದ ಬೆಲ್ಲೋಸಿಗೆ 210 ಅಂದರೆ ಗಿಡ್ಡ ಲೆನ್ಸ್. ಬಟ್ಟೆಯೆಲ್ಲ ಒತ್ತಿಕೊಂಡು, ಮೇಲಿನ ಮಡಿಕೆ ಹೊಟ್ಟೆ ಬಿಟ್ಟು ಒಳಗೆ ಜೋತುಬಿದ್ದಿರುತ್ತದೆ. ಅದು ಗ್ರೌಂಡ್ ಗ್ಲಾಸಿನ ಮೇಲಂಚಿಗೆ ಹೋಗುವ ಬೆಳಕು ತಡೆಯುತ್ತದೆ. ಚಿತ್ರ ತಲೆಕೆಳಗು ಅಲ್ಲವೇ, ಪ್ರಿಂಟಿನಲ್ಲಿ ಅದೇ ಕೆಳಗಂಚು.

ಗಾಜುಪರದೆ (ಧಾರವಾಡ)

ಹಿಂಬದಿ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಕರೆಕ್ಟ್ ಸರ್! ಮೇಲಿನ ಮೂರು ಮಡಿಕೆ ತೊಟ್ಟಿಲ ಹಾಗೆ ತೂಗುತ್ತಿವೆ. ಬಟ್ಟೆ ಜಾಸ್ತಿ ಮೆತ್ತಗಿನದು ತಂದಿದ್ದೆ, ತಪ್ಪು ನನ್ನದೇ.

ಸದ್ಯಕ್ಕೆ ನಡುವಿನ ಮಡಿಕೆಯ ಹೊರಗೆ ಎರಡು ಸಣ್ಣ ಬಟ್ಟೆಕುಣಿಕೆ ಅಂಟಿಸಿ, ದಾರ ಕಟ್ಟಿ ಮುಂದಿನ ಚೌಕಟ್ಟಿನ ಮೇಲ್ತುದಿಗೆ ಎಳೆದು ಕಟ್ಟಿದ್ದೇನೆ. ಕೆರೆ ದಂಡೆಯ ಅದೇ ಜಾಗದಲ್ಲಿ ಇನ್ನೊಂದು ಹಾಳೆ ತೆಗೆದೆ. ಪಟ್ಟಿ ಇಲ್ಲ.

ಆಮೇಲೆ ಲೆನ್ಸನ್ನು ಮೇಲೆ ಸರಿಸುತ್ತಾ ಹೋಗಿ, ಮೂಲೆಯಲ್ಲಿ ತೂತು ಕೊರೆಯಲು ಶುರುವಾಗುವುದು ಎಲ್ಲಿ ಅಂತ ಅಳೆದೆ. ಅಡ್ಡ ಫ್ರೇಮಿನಲ್ಲಿ 27 ಎಂಎಂ. 352ರ ಲೆಕ್ಕ ಹಾಕಿದರೆ 29 ಬರಬೇಕು.

ಹಳೆಗಾಜು

ಪೆನ್ಸಿಲ್ ಗೆರೆಗೆ ಎರಡು ಎಂಎಂ ವ್ಯತ್ಯಾಸ ಇದ್ದದ್ದೇ. ಆ 27 ಅನ್ನು ಲೆನ್ಸ್ ಬೋರ್ಡಿನ (ಲೆನ್ಸ್ ಕೂರಿಸುವ ಹಲಗೆ) ಹಿಂದೆ ಬರೆದಿಟ್ಟುಕೊಳ್ಳಿ. ಮತ್ತೆ ಬೋರ್ಡ್ ಕೊರೆಸುವುದಿದ್ದರೆ ಕೋಪಾಲ್ 1ಕ್ಕೆ 41.8 ಎಂಎಂ ತೂತು, ಕೋಪಾಲ್ 0ಗೆ 34.7, ಕೋಪಾಲ್ 3ಕ್ಕೆ 65. ಬಡಗಿಗೆ ಬಾಯಲ್ಲಿ ಹೇಳಬೇಡಿ, ಶಟರನ್ನೇ ಒಯ್ದು ವರ್ನಿಯರ್ ಹಿಡಿದು ತೋರಿಸಿ.

ಗಾಜುಪರದೆ (ಧಾರವಾಡ)

ಆಗಲಿ ಸರ್. ಸರಿಯಾದ ಹುಡ್ ಯಾವುದು ಹಾಕಲಿ ಅಂತ ಕೇಳಬೇಕು ಅಂದುಕೊಂಡಿದ್ದೆ. ಬೇಡ ಬಿಡ್ರಿ, ನಮ್ಮ ತಮ್ಮ ಪಕ್ಕದಲ್ಲಿ ನಿಂತು ಟೋಪಿ ಅಡ್ಡ ಹಿಡೀತಾನಂತೆ.