ಅಪ್‌ಡೇಟ್: ತೀರ್ಥನ್ ನದಿಗೆ ಜೂನ್‌ನಲ್ಲಿ ಫ್ಲೈ ಫಿಶಿಂಗ್

ಹಿಮಾಚಲದ ತೀರ್ಥನ್‌ನಲ್ಲಿ ಟ್ರೌಟ್ ಮೀನು ಹಿಡಿಯಲು ಜೂನ್ ಸರಿಯೇ, ಯಾವ ರಾಡ್ ಬೇಕು ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಈಗ ತೀರ್ಮಾನವಾದದ್ದು ಇಷ್ಟು.

ಜೂನ್ ಮೊದಲರ್ಧವೇ ಸರಿ. ಮಳೆ ಹಿಡಿದರೆ ನೀರು ಕೆಂಪಾಗಿ ಫ್ಲೈ (ಹುಳದಂತೆ ಕಾಣುವ ಹಾಗೆ ಕಟ್ಟಿದ ಕೊಕ್ಕೆ) ಮೀನಿಗೆ ಕಾಣುವುದೇ ಇಲ್ಲ. ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಮೊದಲೇ ಮಾಡಿಸಬೇಕು. ಹಿಮ ಕರಗಿ ಮಧ್ಯಾಹ್ನದ ಮೇಲೆ ಹರಿವು ಏರುವುದರಿಂದ ಬೆಳಿಗ್ಗೆಯೇ ನದಿಗಿಳಿಯುವುದು. ಅದೂ ಮೊಣಕಾಲುದ್ದ ನೀರಿನವರೆಗೆ ಮಾತ್ರ, ಕೈಯಲ್ಲಿ ಕೋಲು ಇರಲೇಬೇಕು.

ರಾಡ್ 9 ಅಡಿ, 5 ವೇಟ್ (ಅದಕ್ಕೆ ಹೊಂದುವ ಲೈನಿನ ತೂಕದ ನಂಬರ್). ಟಿಪೆಟ್ (ಫ್ಲೈ ಕಟ್ಟುವ ತುದಿಯ ತೆಳು ದಾರ) 5ಎಕ್ಸ್, ಅಂದರೆ ಸುಮಾರು 0.15 ಮಿ.ಮೀ. ದಪ್ಪ. 14–16 ಸೈಜಿನ ಮಣಿ ತಲೆಯ ನಿಂಫ್‌ಗಳನ್ನೇ (ನೀರಡಿಯ ಮರಿಹುಳದಂಥ, ಮುಳುಗುವ ಫ್ಲೈ) ಹೆಚ್ಚು ಒಯ್ಯುವುದು, ಬಂಡೆಗೆ ಸಿಕ್ಕಿ ಕಳೆದುಹೋಗುವುದೂ ಅವೇ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಮೀನನ್ನು ಬಿಡುವುದು ಸಲೀಸು.

ನನ್ನ ಲೆಕ್ಕ ತಪ್ಪಿದ್ದು ಇಂಡಿಕೇಟರ್‌ನಲ್ಲಿ, ಅಂದರೆ ದಾರಕ್ಕೆ ಕಟ್ಟುವ ತೇಲುವ ಗುರುತಿನಲ್ಲಿ. ಫ್ಲೈಯಿಂದ ಅದರ ದೂರ ನೀರಿನ ಆಳದ ಒಂದೂವರೆ ಪಟ್ಟು ಇರಬೇಕಂತೆ. ತಳದ ನೀರು ನಿಧಾನ. ಹಾಗಾಗಿ ಇಂಡಿಕೇಟರ್ ಪಕ್ಕದ ನೊರೆಗಿಂತ ತುಸು ಹಿಂದೆ ಬಿದ್ದರೆ ಫ್ಲೈ ಸರಿಯಾದ ಆಳದಲ್ಲಿದೆ. ನೊರೆಯನ್ನೂ ಹಿಂದೆ ಹಾಕಿ ಓಡಿದರೆ ಲೈನ್ ಎಳೆಯುತ್ತಿದೆ ಎಂದರ್ಥ, ಆಗ ರಾಡ್ ಎತ್ತಿ ಲೈನನ್ನು ಪ್ರವಾಹದ ಮೇಲ್ಬದಿಗೆ ಎಸೆಯಬೇಕು.